ರೊಮೆಡಿಯೊ ಬರೆದ ನಿಯಮ

ನಮ್ಮ ಕಣಿವೆಯ ಕೋಬಿಯಾ ರೇಸಿಗೆ ಒಂಟಿಯಾಗಿ ಹೆಸರು ಕೊಡಲಾಗದು. ಕೋಬಿಯಾ ಅಂದರೇ ಜೋಡಿ. ಗಂಡ ಹೆಂಡತಿ, ಅಣ್ಣ ತಂಗಿ, ಅತ್ತೆ ಅಳಿಯ, ಮಾತು ಬಿಟ್ಟ ಇಬ್ಬರು ಗೆಳೆಯರು, ಯಾರಾದರೂ ಸರಿ, ಇಬ್ಬರಿರಬೇಕು. ಸೈಕಲ್ಲಿನ ಮೇಲೆ ಚರ್ಚಿನ ಮುಂದಿನಿಂದ ಹೊರಟು, ಲಾರ್ಚ್ ಮರಗಳ ಕಾಡು ಹತ್ತಿ, ಮೇಲಿನ ಹುಲ್ಲುಗಾವಲಿನ ದನದ ಕೊಟ್ಟಿಗೆ ದಾಟಿ, ಆಚೆ ಬದಿಯ ಕಲ್ಲುದಾರಿಯಲ್ಲಿ ಮೈಯ ಎಲುಬೆಲ್ಲ ಅಲ್ಲಾಡಿಸಿಕೊಂಡು ಇಳಿದು, ಮತ್ತೆ ಅದೇ ಚರ್ಚಿನ ಮುಂದೆ ಇಬ್ಬರೂ ಒಟ್ಟಿಗೇ ಬಂದು ನಿಲ್ಲಬೇಕು. ಒಬ್ಬರು ಮೊದಲು ಬಂದು ಇನ್ನೊಬ್ಬರಿಗಾಗಿ ಕಾದರೆ ಕಾದಷ್ಟೂ ನಷ್ಟ. ಹಾಗಾಗಿ ಏರಿನಲ್ಲಿ ಗಟ್ಟಿಯಿದ್ದವರು ಸೋತವರ ಬೆನ್ನಿಗೆ ಕೈಯಿಟ್ಟು ನೂಕುತ್ತಾರೆ. ನಮ್ಮಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬೇರೆ ಕಡೆಯ ರೇಸುಗಳಲ್ಲಿ ಇದನ್ನು ಮೋಸ ಎನ್ನುತ್ತಾರಂತೆ. ಅನ್ನಲಿ ಪಾಪ, ಅವರು ಒಬ್ಬೊಬ್ಬರೇ ಹೋಗುವವರು.

ಓರ್ನೆಲಾಳ ಬೆನ್ನಿಗೆ ಮದುವೆಯಾದಂದಿನಿಂದ ಒಂದೇ ಕೈ, ಗಂಡ ರೊಮೆಡಿಯೊನದು. ಅವನು ಮರದ ಮಿಲ್ಲಿನಲ್ಲಿ ದಿಮ್ಮಿ ಹೊರಳಿಸಿ ಬೆಳೆದವನು. ಅಂಗೈ, ಜೋಳದ ಹಿಟ್ಟಿನ ಮುದ್ದೆ ಪೊಲೆಂಟಾ ಸುರಿಯುವ ಹಲಗೆಯಷ್ಟು ಅಗಲ. ಅವಳು ಶಾಲೆಯ ಅಡುಗೆಮನೆಯಲ್ಲಿ ನೂರು ಮಕ್ಕಳಿಗೆ ಬೇಯಿಸಿ ಹಾಕುವವಳು. ಇಳಿಜಾರಿನಲ್ಲಿ ಗಂಡಸರೂ ಬೆಚ್ಚುವಂತೆ ಸೈಕಲ್ ಬಿಡುತ್ತಾಳೆ, ಏರು ಬಂತೆಂದರೆ ಮಾತ್ರ ಮುಗಿಯಿತು. "ಇಳಿಯೋವಾಗ ಮೇಕೆ, ಹತ್ತೋವಾಗ ಮೂಟೆ. ದೇವರು ನನಗೆ ಎರಡನ್ನೂ ಒಟ್ಟಿಗೆ ಕಟ್ಟಿಕೊಟ್ಟ" ಎಂದು ರೊಮೆಡಿಯೊ ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಕಾಡು ಮುಗಿಯುವಲ್ಲಿ ಮುಸ್ಸಾ ಎಂಬ ಏರು ಬರುತ್ತದೆ. ಮುಸ್ಸಾ ಅಂದರೆ ಹೆಣ್ಣು ಕತ್ತೆ. ಹಿಂದೆ ಹಾಲಿನ ಕ್ಯಾನು ಹೊತ್ತ ಕತ್ತೆಗಳು ಅಲ್ಲಿಗೆ ಬಂದರೆ ಕೂತುಬಿಡುತ್ತಿದ್ದವಂತೆ. ಈಗ ಅದಕ್ಕೆ ಕಾಂಕ್ರೀಟು ಹಾಕಿದ್ದಾರೆ, ಕತ್ತೆಗಳ ಬದಲು ನಾವು ಕೂರುತ್ತೇವೆ. ಪ್ರತಿವರ್ಷ ಮುಸ್ಸಾದ ಮೊದಲ ತಿರುವು ದಾಟುತ್ತಿದ್ದಂತೆ ಓರ್ನೆಲಾಳ ಸೊಂಟದ ಸ್ವಲ್ಪ ಮೇಲೆ ಆ ಕೈ ಬಂದು ಕೂರುತ್ತಿತ್ತು. ನೂಕಿಸಿಕೊಳ್ಳುವವರು ಹಿಂದೆ ತಿರುಗಬಾರದು. ಕುತ್ತಿಗೆ ತಿರುಗಿದರೆ ಮುಂದಿನ ಗಾಲಿ ಓಲಾಡಿ ಇಬ್ಬರೂ ನೆಲ ಕಚ್ಚುತ್ತಾರೆ. ಹಾಗಾಗಿ ಆ ಏರಿನಲ್ಲಿ ಗಂಡನ ಮುಖ ಹೇಗಿರುತ್ತದೆಂದು ಅವಳು ಒಮ್ಮೆಯೂ ನೋಡಿದವಳಲ್ಲ. ನೋಡಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಜಗಳವಾಗಿದ್ದರೆ ಕೈ ಬಿಗಿಯಾಗಿರುತ್ತಿತ್ತು, ಅವನಿಗೆ ಖುಷಿಯಾಗಿದ್ದರೆ ಬೆರಳು ತಾಳ ಹಾಕುತ್ತಿದ್ದವು. ಮನೆಯಲ್ಲಿ ಬಾಯಿಬಿಟ್ಟು ಪ್ರೀತಿಯ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಇಡೀ ವರ್ಷದ್ದನ್ನು ಅವನು ಮುಸ್ಸಾದಲ್ಲೇ ಹೇಳಿ ಮುಗಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಇಂಥವನಿಗೆ ಬ್ಯಾಟರಿ ಸೈಕಲ್ ಕಂಡರೆ ಮೈಯೆಲ್ಲ ಉರಿ.

ಕಣಿವೆಗೆ ಅವುಗಳನ್ನು ತಂದವನು ಇವೊ. ಕೇಬಲ್ ಕಾರಿನ ಪಕ್ಕ ಅಂಗಡಿಯಿಟ್ಟು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾನೆ. ಅವನೂ ರೊಮೆಡಿಯೊನೂ ಸಂಜೆ ವಿಜಿಲಿಯೊನ ಬಾರಿನಲ್ಲಿ ಎದುರುಬದುರು ಕೂತರೆಂದರೆ ಉಳಿದವರು ತಮ್ಮ ತಮ್ಮ ಲೋಟ ಎತ್ತಿಕೊಂಡು ಹತ್ತಿರ ಬರುತ್ತಿದ್ದರು. ವಿಜಿಲಿಯೊ ಬಾರಿನ ಮಾಲೀಕನೂ ಹೌದು, ರೇಸು ನಡೆಸುವ ಕ್ಲಬ್ಬಿನ ಅಧ್ಯಕ್ಷನೂ ಹೌದು. ಜಗಳದಿಂದ ಅವನಿಗೆ ಎರಡು ಕಡೆಯಿಂದಲೂ ಲಾಭವೇ.

"ಅದು ಸೈಕಲ್ ಅಲ್ಲ ಕಣೋ. ನಾಚಿಕೆಯಾಗಿ ಪೆಡಲ್ ಹಾಕ್ಕೊಂಡಿರೋ ಸ್ಕೂಟರು" ಎನ್ನುತ್ತಿದ್ದ ರೊಮೆಡಿಯೊ.

"ಹಾಗಾದ್ರೆ ನಿನ್ನ ಮಿಲ್ಲಿನ ಗರಗಸಕ್ಕೂ ಕರೆಂಟು ಬೇಡ ಅನ್ನು. ನಾಳೆಯಿಂದ ಹಲ್ಲಲ್ಲೇ ಕೊಯ್ಯಿ ಮರಾನ."

"ನನ್ನ ಗರಗಸ ರೇಸಿಗೆ ಬರಲ್ಲ."

"ಮೊಣಕಾಲು ಸವೆದೋರು, ವಯಸ್ಸಾದೋರು, ಅವರೆಲ್ಲ ಬೆಟ್ಟ ನೋಡೋದು ಬೇಡ್ವೇನೋ?"

"ನೋಡ್ಲಿ, ಬೇಡ ಅಂದೋರ್ಯಾರು? ದಿನಾ ನೋಡ್ಲಿ. ನೋಡೋದಕ್ಕೆ ಎದೆ ಮೇಲೆ ನಂಬರ್ ಯಾಕೆ ಕಟ್ಕೋಬೇಕು?"

ಇದು ಎಷ್ಟೋ ಚಳಿಗಾಲ ನಡೆಯಿತು. ಕೊನೆಗೆ ರೇಸಿಗೆ ಬರುವವರೇ ಕಡಿಮೆಯಾಗಿ, ಕ್ಲಬ್ಬು ಬ್ಯಾಟರಿಯನ್ನು ಒಳಗೆ ಬಿಡಲೇಬೇಕಾಯಿತು. ಜೋಡಿಯಲ್ಲಿ ಒಬ್ಬರಿಗೆ ಬ್ಯಾಟರಿ, ಇನ್ನೊಬ್ಬರಿಗೆ ಸಾದಾ ಸೈಕಲ್, ಹಾಗೂ ಬರಬಹುದು ಎಂದಾಯಿತು. ಆಗ ರೊಮೆಡಿಯೊ ಎದ್ದು ನಿಂತ. ಸೋತವನ ಮುಖವಿರಲಿಲ್ಲ ಅವನದು.

"ಆಯ್ತು, ಬರ್ಲಿ. ಆದ್ರೆ ಒಂದು ಮಾತು. ಬೆನ್ನಿಗೆ ಬರೋ ಬಲ ಮನುಷ್ಯನದಾಗಿರ್ಬೇಕು, ಬ್ಯಾಟರಿದಲ್ಲ. ಮೋಟಾರು ಒತ್ತಿಕೊಂಡು ಇನ್ನೊಬ್ಬರನ್ನ ನೂಕಿದ್ರೆ ಅದು ಕೋಬಿಯಾ ಅಲ್ಲ, ಕೇಬಲ್ ಕಾರು."

ಎಲ್ಲರೂ ಮೇಜು ಕುಟ್ಟಿದರು, ಇವೊ ಕೂಡ. ಹೀಗೆ ರೊಮೆಡಿಯೊ ತನ್ನ ಕೈಯಾರೆ ಆ ಸಾಲು ಬರೆದ: ಮೋಟಾರು ನಡೆಯುತ್ತಿರುವಾಗ ಸವಾರನು ತನ್ನ ಜೋಡಿಯನ್ನು ಮುಟ್ಟಕೂಡದು. ಅವತ್ತು ಅವನು ಮನೆಗೆ ಬಂದು ಓರ್ನೆಲಾಗೆ ಅದನ್ನು ಎರಡು ಸಲ ಓದಿ ಹೇಳಿದ. ಅವಳು ಆಲೂಗಡ್ಡೆ ಸುಲಿಯುತ್ತ, ಚೆನ್ನಾಗಿದೆ ಎಂದಳು. ನಿಜಕ್ಕೂ ಚೆನ್ನಾಗಿದೆ ಎಂದೇ ಅವಳಿಗೆ ಅನಿಸಿತ್ತು.

ರೊಮೆಡಿಯೊಗೆ ಕಾಯಿಲೆ ಬಂದದ್ದು ಅದಾದ ಮೂರನೆಯ ಚಳಿಗಾಲದಲ್ಲಿ. ಮೊದಲು ಮೆಟ್ಟಿಲು ಹತ್ತುವಾಗ ಉಬ್ಬಸ, ಆಮೇಲೆ ಕಾಲು ಊದಿಕೊಂಡವು. ಟ್ರೆಂಟೊ ನಗರದ ಡಾಕ್ಟರು ಚಿತ್ರ ತೋರಿಸಿ, ಹೃದಯ ದೊಡ್ಡದಾಗಿದೆ, ಸಡಿಲವಾಗಿದೆ, ರಕ್ತ ತಳ್ಳುವ ಶಕ್ತಿ ಅರ್ಧಕ್ಕಿಂತ ಕಡಿಮೆ ಎಂದರು.

"ದೊಡ್ಡ ಹೃದಯ ಅಂತ ಇವಳು ಮೊದಲಿಂದ್ಲೂ ಹೇಳ್ತಾಳೆ ಡಾಕ್ಟ್ರೇ" ಎಂದ ರೊಮೆಡಿಯೊ.

ಡಾಕ್ಟರು ನಗಲಿಲ್ಲ. ಓರ್ನೆಲಾಗೆ ಎದೆ ಧಸಕ್ಕೆಂದದ್ದು ಚಿತ್ರ ನೋಡಿ ಅಲ್ಲ, ಅವರು ನಗದೇ ಇದ್ದದ್ದು ನೋಡಿ. ಏದುಸಿರು ಬರುವಂಥದ್ದು ಏನೂ ಕೂಡದು ಎಂದು ಅವರು ಹೇಳಿದರು. ಸೈಕಲ್ ಎಂದಾಗ ಬೇಡವೆಂದು ತಲೆಯಾಡಿಸಿದರು. ಆಮೇಲೆ ಅವನ ಮುಖ ನೋಡಿ ಕನಿಕರ ಬಂದಿರಬೇಕು, "ಬ್ಯಾಟರಿ ಇರೋದಾದ್ರೆ ಪರವಾಗಿಲ್ಲ. ಮೋಟಾರಿಗೆ ಕೆಲಸ ಬಿಡಿ, ನೀವು ಸುಮ್ನೆ ಕಾಲಾಡಿಸಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಆ ವಸಂತದಲ್ಲಿ ಮನೆಯಿಂದ ಹೊರಗೆ ಹೆಚ್ಚು ಕಾಲಿಡಲಿಲ್ಲ. ಹಿಮ ಕರಗಿ ದಾರಿ ಕಂಡಿತು, ಊರಿನವರ ಸೈಕಲ್ಲುಗಳು ಮನೆಯ ಮುಂದೆ ಹಾದು ಹೋದವು. ಅವನು ಕುರ್ಚಿಯಲ್ಲಿ ಕೂತು ಯಾರ ಸರಪಳಿ ಒಣಗಿದೆ, ಯಾರ ಗಾಲಿ ಓರೆಯಾಗಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಓರ್ನೆಲಾಳ ಸೈಕಲ್ಲೂ ಗೋಡೆಗೆ ಒರಗಿಯೇ ಇತ್ತು. ಹೋಗು ಎಂದು ಅವನೇ ಹೇಳಿದರೂ ಅವಳು ಹೋಗಲಿಲ್ಲ. ಒಬ್ಬಳೇ ಹೋಗುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಅವಳು ಇವೊನ ಅಂಗಡಿಗೆ ಹೋದಳು. ದಾರಿಯುದ್ದಕ್ಕೂ ಅವನ ಕುಹಕಕ್ಕೆ ಉತ್ತರ ಜೋಡಿಸಿಕೊಂಡು ಹೋಗಿದ್ದಳು. ಇವೊ ಒಂದು ಮಾತೂ ಆಡಲಿಲ್ಲ. ಇದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿ, ಸೀಟು ರೊಮೆಡಿಯೊನ ಎತ್ತರಕ್ಕೆ ಅಳತೆಯಿಲ್ಲದೆಯೇ ಸರಿಮಾಡಿ, ಬಾಗಿಲವರೆಗೆ ತಳ್ಳಿಕೊಂಡು ಬಂದ. ಅವನು ಒಂದು ಸಲ ಹಂಗಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಇವೊನೇ ಸುಮ್ಮನಿದ್ದಾನೆ ಎಂದರೆ ಊರಿಗೆಲ್ಲ ಗೊತ್ತಾಗಿದೆ ಎಂದರ್ಥ. ದಾರಿಯಲ್ಲಿ ಸೈಕಲ್ ನಿಲ್ಲಿಸಿ ಅವಳು ಅತ್ತಳು.

ರೊಮೆಡಿಯೊ ಅದನ್ನು ವಾರವೆಲ್ಲ ಕಣ್ಣೆತ್ತಿ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ಅವಳು ಶಾಲೆಯಿಂದ ಬರುವಷ್ಟರಲ್ಲಿ ಅದರ ಬ್ರೇಕು ಬಿಚ್ಚಿ ಅಂಗಳದಲ್ಲಿ ಹರವಿಕೊಂಡು ಕೂತಿದ್ದ. "ಇವೊಗೆ ಬ್ರೇಕು ಕಟ್ಟೋಕೆ ಬರಲ್ಲ. ಮೊದ್ಲಿಂದ್ಲೂ ಬರಲ್ಲ" ಎಂದು ಗೊಣಗಿದ. ಓರ್ನೆಲಾ ಅಡುಗೆಮನೆಗೆ ಹೋಗಿ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕಳು.

ಜೂನಿನಲ್ಲಿ ಇಬ್ಬರೂ ಮತ್ತೆ ಕಾಡಿನ ದಾರಿ ಹಿಡಿದರು. ಹಿಂದಿನಿಂದ ಜೇನುಹುಳದಂತೆ ಮೋಟಾರಿನ ಗುಂಯ್ ಸದ್ದು. ಮೊದಲು ಅವಳಿಗೆ ಅದು ಕಿರಿಕಿರಿಯಾಯಿತು, ಆಮೇಲೆ ಅದೇ ಹಿತವಾಯಿತು. ಸದ್ದಿದೆ ಎಂದರೆ ಅವನಿದ್ದಾನೆ. ಅವನ ಮುಖಕ್ಕೆ ಬಣ್ಣ ಬಂತು, ಹಸಿವು ಬಂತು, ಬಾರಿಗೆ ಹೋಗಿ ಜಗಳ ಆಡುವ ಆಸೆಯೂ ಬಂತು. ಒಂದು ಮಾತ್ರ ಬರಲಿಲ್ಲ. ಏರು ಎಷ್ಟೇ ಕಡಿದಾಗಿರಲಿ, ಅವಳು ಎಷ್ಟೇ ಸೋಲಲಿ, ಅವನ ಎರಡೂ ಕೈ ಹ್ಯಾಂಡಲ್ಲಿನ ಮೇಲೇ.

"ಇಲ್ಲಿ ರೇಸಿಲ್ಲ, ಜನ ಇಲ್ಲ. ಇರೋದು ಅಳಿಲು ಮಾತ್ರ. ಇಡು ಮಾರಾಯ ಕೈಯ" ಎಂದಳು ಒಂದು ದಿನ ಏದುಸಿರಿನಲ್ಲಿ.

"ಆಗಲ್ಲ. ರೇಸಲ್ಲಿ ಮಾಡಬಾರದ್ದನ್ನ ಇಲ್ಲಿ ಮಾಡಿದ್ರೆ ಕೈಗೆ ಅದೇ ರೂಢಿಯಾಗುತ್ತೆ."

"ನೀನು ಬರೆದ ನಿಯಮ ತಾನೇ?"

"ಅದಕ್ಕೇ."

ಅವಳಿಗೆ ಸಿಟ್ಟು ಬಂತು. ಜೊತೆಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ. ಕಟ್ಟಿಕೊಂಡದ್ದು ಇಂಥವನನ್ನೇ ಅಲ್ಲವೇ. ಆದರೆ ಬೆನ್ನಿನ ಆ ಜಾಗ ಬರಿದಾಗಿ, ತಣ್ಣಗೆ ಅನಿಸುತ್ತಿತ್ತು. ಬೇರೆಯವರಿಗೆ ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನ ರೇಸಿಗೆ ಹೆಸರು ಕೊಟ್ಟರು. ಆ ಬೆಳಿಗ್ಗೆ ಮನೆಯ ಅಂಗಳದಲ್ಲಿ ಅವನು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಬಿಸಿಲು ಇನ್ನೂ ಎದುರು ಬೆಟ್ಟದ ತುದಿಯಲ್ಲಷ್ಟೇ ಇತ್ತು. ಹಗಲ ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ಅವನ ಮುಖ ನೋಡಿ ಬಹಳ ದಿನವಾಗಿತ್ತು. ತುಟಿಯ ಅಂಚಿನಲ್ಲಿ ಕಪ್ಪು ನೀಲಿ. ಕುತ್ತಿಗೆಯ ನರ ಕುಣಿಯುತ್ತಿತ್ತು. ಬೇಸಿಗೆಯೆಲ್ಲ ತನ್ನನ್ನು ತಾನೇ ನಂಬಿಸಿಕೊಂಡಿದ್ದಳು, ಇವನು ಹುಷಾರಾಗುತ್ತಿದ್ದಾನೆ ಎಂದು. ಆ ನಂಬಿಕೆ ಅಲ್ಲೇ ಕಳಚಿ ಬಿತ್ತು.

ಅವಳ ಬಾಯಿಂದ ಆ ಮಾತು ಬಂದದ್ದು ಆಗಲೇ.

"ಮುಸ್ಸಾದಲ್ಲಿ ಒಂದ್ಸಲ ಕೈಯಿಡು. ಒಂದೇ ಸಲ. ಯಾರು ಏನಂತಾರೆ? ಮುಂದಿನ ವರ್ಷ..." ಎಂದು ನಿಲ್ಲಿಸಿದಳು.

ಮುಂದಿನ ವರ್ಷದ ಮಾತನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಇಬ್ಬರೂ ಎತ್ತಿರಲಿಲ್ಲ. ರೊಮೆಡಿಯೊ ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದ. ಅವಳ ಗಲ್ಲದ ಕೆಳಗೆ ಬೆರಳು ಹಾಕಿ ಬಿಗಿ ನೋಡಿದ.

"ನೋಡೋಣ, ನಡಿ" ಎಂದ.

ಗುಂಡು ಹಾರಿತು, ಜೋಡಿಗಳು ಹೊರಟವು. ಎಳೆಯರು ಮುಂದೆ ನುಗ್ಗಿದರು. ಬ್ಯಾಟರಿಯವರು ಗುಂಯ್ ಎನ್ನುತ್ತ ಹಾದು ಹೋದರು. ಓರ್ನೆಲಾ ತನ್ನ ಗತಿಯಲ್ಲಿ ತುಳಿದಳು. ಹಿಂದೆ ಅವನ ಮೋಟಾರು, ಒಂದೇ ಶ್ರುತಿಯಲ್ಲಿ. ಕಾಡಿನ ನೆರಳಿನಲ್ಲಿ ತೇವದ ಎಲೆಯ ವಾಸನೆ. ಸೇತುವೆ ದಾಟುವಾಗ ಅವನು ಎಂದಿನಂತೆ, "ಮೂಟೆ ಎಲ್ಲಿಗೆ ಬಂತು?" ಎಂದು ಕೂಗಿದ. ಅವಳು ಉತ್ತರವಾಗಿ ಒಂದು ಬೈಗುಳ ಕೊಟ್ಟಳು. ದಾರಿಬದಿಯ ಹೆಂಗಸರು ಕಿಸಕ್ಕನೆ ನಕ್ಕರು.

ಮುಸ್ಸಾದಲ್ಲಿ ಯಾವಾಗಲೂ ಜನ. ಮೇಲಿನ ಕೊಟ್ಟಿಗೆಯಿಂದ ಹಸುಗಳ ಕುತ್ತಿಗೆಯ ಗಂಟೆಗಳನ್ನು ತಂದು, ಕಾಂಕ್ರೀಟಿನ ಎರಡೂ ಬದಿ ನಿಂತು, ಕಿವಿ ಹರಿಯುವಂತೆ ಬಾರಿಸುತ್ತಾರೆ. ಮೊದಲ ತಿರುವು ದಾಟಿದಳು. ಬೆನ್ನು ಬರಿದಾಗಿಯೇ ಇತ್ತು. ಎರಡನೆಯ ತಿರುವಿನಲ್ಲಿ ತೊಡೆ ಕಲ್ಲಾಯಿತು. ಇನ್ನು ಇಳಿದು ತಳ್ಳುವುದೇ ಗತಿ ಎಂದುಕೊಂಡಳು. ಆ ಹೊತ್ತಿಗೆ ಸೊಂಟದ ಸ್ವಲ್ಪ ಮೇಲೆ, ಅದೇ ಜಾಗದಲ್ಲಿ, ಅಗಲವಾದ ಬೆಚ್ಚನೆಯ ಕೈ ಬಂದು ಕೂತಿತು.

ಅವಳಿಗೆ ಕಣ್ಣು ಮಂಜಾಯಿತು. ಇಟ್ಟನಲ್ಲ! ಇಷ್ಟು ವರ್ಷ ಊರಿಗೆಲ್ಲ ನ್ಯಾಯ ಹೇಳಿದ ಮನುಷ್ಯ ನನಗಾಗಿ ನಿಯಮ ಮುರಿದನಲ್ಲ! ಹುಡುಗಿಯಂತೆ ಒಳಗೊಳಗೇ ಕುಣಿದಳು. ಕೈ ಮೊದಲಿನಷ್ಟು ಬಲವಾಗಿರಲಿಲ್ಲ. ನಡುಗುತ್ತಿತ್ತು. ಭಯಕ್ಕೆ ನಡುಗುತ್ತಿದೆ, ಕಳ್ಳತನ ಅಭ್ಯಾಸವಿಲ್ಲ ಪಾಪ, ಎಂದುಕೊಂಡಳು. ತಿರುಗಿ ನೋಡುವಂತಿರಲಿಲ್ಲ. ಕೊನೆಯ ತಿರುವಿನಲ್ಲಿ ಬೆರಳುಗಳು ತಾಳ ಹಾಕಿದವು, ಒಂದೇ ಒಂದು ಸಲ. ಗಂಟೆಗಳ ಗದ್ದಲದಲ್ಲಿ ಮೋಟಾರಿನ ಸದ್ದು ಕೇಳುತ್ತಿತ್ತೋ ಇಲ್ಲವೋ ಅವಳು ಗಮನಿಸಲಿಲ್ಲ. ಗಮನಿಸಲಿಲ್ಲ ಎಂದು ಊರಿಗೆ ಹೇಳಬಹುದು. ತನಗೆ ತಾನೇ ಹೇಳಿಕೊಳ್ಳಲು ಅವಳಿಗೆ ಇವತ್ತಿನವರೆಗೂ ಆಗಿಲ್ಲ.

ಮೇಲೆ ಹುಲ್ಲುಗಾವಲು ಬಂತು, ನೆಲ ಸಮವಾಯಿತು, ಕೈ ಜಾರಿತು. ಅವಳು ನಗುತ್ತ ತಿರುಗಿದಳು.

ರೊಮೆಡಿಯೊ ಸೈಕಲ್ಲನ್ನು ಹುಲ್ಲಿನ ಮೇಲೆ ಬಿಟ್ಟು ಮಂಡಿಯೂರಿದ್ದ. ಮುಖ ಬೂದಿಯ ಬಣ್ಣ. ಉಸಿರು ಒಳಗೆ ಹೋಗುತ್ತಿತ್ತೇ ಹೊರತು ಸಾಲುತ್ತಿರಲಿಲ್ಲ. ಅವಳು ಓಡಿಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನ ಹೃದಯ ಅವಳ ಪಕ್ಕೆಲುಬಿಗೆ ಬಡಿಯುತ್ತಿತ್ತು, ಒಂದಕ್ಕೊಂದು ಹೊಂದದ ಬಡಿತ.

"ಏನಾಯ್ತು? ಮೋಟಾರು ಇತ್ತಲ್ಲ? ಮೋಟಾರು ಇತ್ತಲ್ಲ ರೊಮೆಡಿಯೊ?"

ಅವನು ಉಸಿರು ಕೂಡಿಸಿಕೊಂಡು ಹೇಳಿದ.

"ಆರಿಸಿದ್ದೆ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹುಲ್ಲಿನ ಮೇಲೆ ಬಿದ್ದಿದ್ದ ಸೈಕಲ್ಲಿನ ಪುಟ್ಟ ಪರದೆ ಕಪ್ಪಗಿತ್ತು. ಕೈಯಿಡು ಎಂದು ಅವಳು ಕೇಳಿದ್ದಳು, ಮೋಟಾರು ನಡೆಯುವಾಗ ಮುಟ್ಟಕೂಡದು ಎಂದು ಅವನು ಬರೆದಿದ್ದ. ಅವನು ಎರಡನ್ನೂ ನಡೆಸಿಕೊಟ್ಟಿದ್ದ. ಎರಡು ಸೈಕಲ್ಲಿನ ಭಾರವಿದ್ದ ಆ ಬ್ಯಾಟರಿ ಗಾಡಿಯನ್ನೂ ಅವಳನ್ನೂ ತನ್ನ ಸಡಿಲ ಹೃದಯದಿಂದಲೇ ಮುಸ್ಸಾ ಹತ್ತಿಸಿದ್ದ.

"ಹುಚ್ಚ! ಯಾರು ಕೇಳ್ತಿದ್ರು? ಯಾರು ಏನಂತಿದ್ರು?" ಅವಳು ಅವನ ಭುಜಕ್ಕೆ ಹೊಡೆದಳು. ಹೊಡೆದದ್ದಕ್ಕೆ ಅತ್ತಳು.

"ಮುಗಿಸೋಣ ಬಾ. ಇನ್ನು ಇಳಿಯೋದೊಂದೇ. ಇಳಿಯೋದ್ರಲ್ಲಿ ನೀನು ಮೇಕೆ" ಎಂದ.

ಅವಳು ಬೇಡವೆಂದಳು. ಕೊಟ್ಟಿಗೆಯ ಹತ್ತಿರ ಜೀಪಿತ್ತು, ಕರೆಯುತ್ತೇನೆಂದಳು. ಅವನು ಎದ್ದು ನಿಂತೇಬಿಟ್ಟ. ಹಟಕ್ಕೆ ಬಿದ್ದರೆ ಅವನನ್ನು ಬಗ್ಗಿಸುವುದು ಅವಳಿಂದ ಎಂದೂ ಆಗಿರಲಿಲ್ಲ. ನಿಧಾನವಾಗಿ ಇಳಿದರು. ಚರ್ಚಿನ ಮುಂದೆ ಒಟ್ಟಿಗೇ ಬಂದು ನಿಂತರು. ಜನ ಚಪ್ಪಾಳೆ ತಟ್ಟಿದರು. ವಿಜಿಲಿಯೊ ಬಿಳಿ ವೈನಿನ ಲೋಟ ಹಿಡಿದು ಬಂದ. ಆ ಲೋಟ ರೊಮೆಡಿಯೊನ ಕೈ ಸೇರುವ ಮೊದಲೇ ಅವನು ಮೆಟ್ಟಿಲ ಮೇಲೆ ಕುಸಿದ. ಆ ವಾರ ಮುಗಿಯುವ ಮುನ್ನ ಟ್ರೆಂಟೊದ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಕೊನೆಯ ದಿನಗಳಲ್ಲಿ ಬಾಯಿಗೆ ಕೊಳವೆಯಿತ್ತು, ಮಾತಿರಲಿಲ್ಲ. ಓರ್ನೆಲಾ ಅವನ ಅಂಗೈಯನ್ನು ತನ್ನ ಕೆನ್ನೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದಳು. ಕ್ಷಮಿಸು ಎಂದು ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಮಣ್ಣಾದ ಮೇಲೆ ಊರು ತನ್ನ ಕಥೆ ಕಟ್ಟಿಕೊಂಡಿತು. ಮುಸ್ಸಾದಲ್ಲಿ ಯಾರೋ ತೆಗೆದ ಫೋಟೊ ಫೋನಿನಿಂದ ಫೋನಿಗೆ ಓಡಾಡಿತು. ಓರ್ನೆಲಾ ಮುಂದೆ, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಹಿಂದೆ ರೊಮೆಡಿಯೊ, ಒಂದು ಕೈ ಹ್ಯಾಂಡಲ್ಲಿನ ಮೇಲೆ, ಇನ್ನೊಂದು ಅವಳ ಬೆನ್ನ ಮೇಲೆ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ನಿಯಮ ನಿಯಮ ಎಂದು ಸಾಯುತ್ತಿದ್ದ ಮನುಷ್ಯ ಕೊನೆಗೆ ಹೆಂಡತಿಗಾಗಿ ತಾನೇ ಬರೆದದ್ದನ್ನು ಮುರಿದ, ಎಂಥ ಪ್ರೀತಿ ನೋಡಿ ಎಂದರು. ಬ್ರೆಡ್ಡಿನ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಶಾಲೆಯ ಅಡುಗೆಮನೆಯಲ್ಲಿ ಇದೇ ಮಾತು. ಓರ್ನೆಲಾ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ನಿಜ ಹೇಳಬೇಕೆಂದರೆ ತಾನು ಕೇಳಿದ್ದನ್ನೂ ಹೇಳಬೇಕಿತ್ತು. ನಾಲಿಗೆ ಏಳುತ್ತಿರಲಿಲ್ಲ.

ನವೆಂಬರಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ವಿಜಿಲಿಯೊನ ಬಾರಿನ ಹಿಂದಿನ ಕೋಣೆಯಲ್ಲಿ ಕ್ಲಬ್ಬಿನ ಸಭೆ ಸೇರಿತು. ಬ್ಯಾಟರಿಯವರನ್ನು ಮುಂದಿನ ವರ್ಷವೂ ಬಿಡಬೇಕೇ ಬೇಡವೇ, ಬಿಟ್ಟರೆ ಹೇಗೆ ಎಂಬುದೇ ವಿಷಯ. ಬಿಡಬೇಕು ಎಂದು ಬೇಗನೆ ತೀರ್ಮಾನವಾಯಿತು. ಆಮೇಲೆ ಇವೊ ಎದ್ದ.

"ಆ ಮುಟ್ಟಬಾರದು ಅನ್ನೋ ನಿಯಮ ಇದ್ಯಲ್ಲ, ಅದನ್ನ ತೆಗೆದುಬಿಡೋಣ. ಬ್ಯಾಟರಿ ಇರೋರೂ ನೂಕ್ಲಿ ಬಿಡಿ. ನಾನು ಜಗಳಕ್ಕೆ ಹೇಳ್ತಿಲ್ಲ. ಬರೆದೋನಿಗೇ ಪಾಲಿಸೋಕಾಗ್ಲಿಲ್ಲ, ಇನ್ನು ನಮ್ಮಂಥೋರಿಗೆ ಆಗುತ್ತಾ? ಹೆಂಡ್ತಿ ಸೋತಾಗ ಕೈ ತಾನಾಗೇ ಹೋಗುತ್ತೆ. ಅದೇನು ತಪ್ಪಾ?"

ಮೆಲ್ಲಗೆ ನಗು ಹರಿದಾಡಿತು. ಪ್ರೀತಿಯ ನಗುವೇ. ವಿಜಿಲಿಯೊ ಮೂಗೊರೆಸಿಕೊಂಡ. "ಜೀವಮಾನವೆಲ್ಲ ನಮಗೆ ಉಪದೇಶ ಮಾಡಿ, ಕೊನೆಗೆ ತಾನೇ ಕಳ್ಳಾಟ ಆಡಿ ಹೋದ ನೋಡು, ಭೂಪ."

ಓರ್ನೆಲಾ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಬಂದದ್ದೇ ಆ ನಿಯಮ ಹೋಗುವುದನ್ನು ನೋಡಲು. ಆ ಒಂದು ಸಾಲು ಇರದಿದ್ದರೆ ರೊಮೆಡಿಯೊ ಮೋಟಾರು ಒತ್ತಿಕೊಂಡೇ ಅವಳ ಬೆನ್ನಿಗೆ ಕೈಯಿಡುತ್ತಿದ್ದ, ನಗುತ್ತ ಮೇಲೆ ಬರುತ್ತಿದ್ದ, ಇವತ್ತು ಇವೊನ ಎದುರಿನ ಕುರ್ಚಿಯಲ್ಲಿ ಕೂತು ಮೇಜು ಕುಟ್ಟುತ್ತಿದ್ದ. ರಾತ್ರಿಗಟ್ಟಲೆ ಅವಳು ಆ ಸಾಲನ್ನು ಶಪಿಸಿದ್ದಳು. ಈಗ ಬೇಕಾದದ್ದು ಇಷ್ಟೇ: ಬಾಯಿ ಮುಚ್ಚಿಕೊಂಡಿರುವುದು. ಎಲ್ಲರ ಜೊತೆ ಕೈ ಎತ್ತಿದರೆ ಆ ಸಾಲು ಹೋಗುತ್ತದೆ.

ಕಳ್ಳಾಟ. ಅವನ ಹೆಸರಿನ ಪಕ್ಕ ಆ ಶಬ್ದ ಇಟ್ಟುಕೊಂಡು ಬದುಕಲು ತನ್ನಿಂದಾಗದು ಎಂದು ಅವಳಿಗೆ ತಿಳಿಯಿತು. ಎದ್ದು ನಿಂತಳು.

"ಅವನು ಕಳ್ಳಾಟ ಆಡ್ಲಿಲ್ಲ."

"ಅಯ್ಯೋ ಓರ್ನೆಲಾ, ತಮಾಷೆಗೆ ಅಂದೆ ಕಣಮ್ಮ" ಎಂದ ವಿಜಿಲಿಯೊ.

"ಮೋಟಾರು ಆರಿಸಿದ್ದ. ಮುಸ್ಸಾದಲ್ಲಿ. ಆರಿಸಿ ನೂಕಿದ."

ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೇಳಲಾಗದು.

"ಕೈಯಿಡು ಅಂತ ನಾನೇ ಕೇಳ್ಕೊಂಡಿದ್ದೆ. ಬೆಳಿಗ್ಗೆ ಅಂಗಳದಲ್ಲಿ. ಅವನ ತುಟಿ ನೀಲಿಯಾಗಿತ್ತು, ನೋಡಿದ್ದೆ, ನೋಡಿದ್ರೂ ಕೇಳಿದೆ. ಅವನು ನಿಯಮಾನೂ ಬಿಡ್ಲಿಲ್ಲ, ನನ್ನ ಮಾತೂ ಬಿಡ್ಲಿಲ್ಲ."

ಇವೊ ಇನ್ನೂ ನಿಂತೇ ಇದ್ದ. ಆ ಗಾಡಿಯ ತೂಕ ಅವನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ.

"ಮೋಟಾರಿಲ್ದೆ ಅದನ್ನ ಮುಸ್ಸಾ ಹತ್ತಿಸೋಕೆ ನನ್ನಿಂದ ಆಗಲ್ಲ. ಯಾರನ್ನೂ ನೂಕ್ದೆ ನಾನೊಬ್ಬನೇ ಹೋದ್ರೂ ಆಗಲ್ಲ. ಅವನು ನಿನ್ನನ್ನೂ..." ಎಂದವನು ಕುರ್ಚಿಗೆ ಕುಸಿದು ಮುಖ ಮುಚ್ಚಿಕೊಂಡ.

ಯಾರೋ ಟೋಪಿ ತೆಗೆದರು. ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಓರ್ನೆಲಾಗೆ ಒಂದು ಕ್ಷಣ ಎದೆ ಹಗುರಾಯಿತು. ಅವನು ತನ್ನ ಹೆಸರಿನೊಂದಿಗೆ ತನ್ನ ಕುರ್ಚಿಗೆ ಮರಳಿ ಬಂದಂತೆ ಅನಿಸಿತು. ಆಮೇಲೆ ವಿಜಿಲಿಯೊ ಮಾತಾಡಿದ.

"ಹಾಗಿದ್ಮೇಲೆ ಆ ನಿಯಮ ತೆಗೆಯೋ ಮಾತೇ ಇಲ್ಲ. ಇನ್ನು ಯಾವ ಕಾಲಕ್ಕೂ ಇಲ್ಲ. ರೊಮೆಡಿಯೊ ನಿಯಮ ಅಂತಾನೇ ಕರೆಯೋಣ ಅದನ್ನ."

"ನಾನು ಹೇಳಿದ್ದು ವಾಪಸ್ ತಗೊಂಡೆ" ಎಂದ ಇವೊ, ಮುಖದ ಮೇಲಿನ ಕೈ ತೆಗೆಯದೆ.

ಓರ್ನೆಲಾ ಮುಂದೆ ಬಂದಳು. "ಬೇಡ. ತೆಗೀರಿ ಅದನ್ನ. ತೆಗೀಲಿ ಅಂತಾನೇ ನಾನು ಬಂದಿದ್ದು."

"ಓರ್ನೆಲಾ, ಅವನು ಅದಕ್ಕೋಸ್ಕರ ಪ್ರಾಣ ಬಿಟ್ಟ."

"ಅದಕ್ಕೋಸ್ಕರ ಅಲ್ಲ ವಿಜಿಲಿಯೊ, ನನಗೋಸ್ಕರ. ಆ ಸಾಲು ಇಲ್ದೇ ಇದ್ದಿದ್ರೆ ಬದುಕಿರ್ತಿದ್ದ. ಬರೋ ವರ್ಷ ಇನ್ನೊಬ್ಬಳು ಕೈಯಿಡು ಅಂತ ಕೇಳಿದ್ರೆ? ಅವಳ ಗಂಡಾನೂ ನಿಯತ್ತಿನವನಾಗಿದ್ರೆ ಏನು ಮಾಡ್ತೀರಿ?"

ಅವಳ ಮಾತು ಅವರ ಕಿವಿಗೆ ಬಿದ್ದಿತ್ತು, ಒಳಗೆ ಹೋಗಲಿಲ್ಲ. ಎಲ್ಲರ ಕಣ್ಣು ತುಂಬಿತ್ತು, ಎಲ್ಲರೂ ರೊಮೆಡಿಯೊನನ್ನು ಈ ಕ್ಷಣ ಹಿಂದೆಂದಿಗಿಂತ ಹೆಚ್ಚು ಪ್ರೀತಿಸುತ್ತಿದ್ದರು. ಆ ಪ್ರೀತಿಯ ಮುಂದೆ ಒಬ್ಬ ವಿಧವೆಯ ಅಳಲು ಯಾವ ಲೆಕ್ಕ. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಎಂದು ಪಕ್ಕದವಳು ಅವಳ ಭುಜ ಸವರಿದಳು.

ನಿಯಮ ಹಾಗೇ ಇರಲಿ ಅನ್ನುವವರು ಎಂದು ವಿಜಿಲಿಯೊ ಕೇಳಿದ. ಕೋಣೆಯ ತುಂಬ ಕೈಗಳು ಎದ್ದವು. ಇವೊನದು ಎಲ್ಲರಿಗಿಂತ ಮೊದಲು.

"ಬೇಡ ಅನ್ನೋರು?" ರೂಢಿಗೆಂದು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನು ಎತ್ತಿಕೊಂಡ.

ಓರ್ನೆಲಾ ಕೈ ಎತ್ತಿದಳು. ಗಂಡನ ವಿರುದ್ಧ ಊರೆದುರು ಅವಳು ನಿಂತದ್ದು ಅದೇ ಮೊದಲು.

"ಇಳಿಸಮ್ಮ ಕೈ. ಎಲ್ಲರೂ ಒಪ್ಪಿದ್ದಾರೆ ಅಂತ ಬರ್ಕೊಳ್ತೀನಿ. ಅವನಿಗೂ ಅದೇ ಚೆನ್ನ" ಎಂದ ವಿಜಿಲಿಯೊ, ಮಗುವಿಗೆ ಹೇಳುವಂತೆ.

ಅವಳು ಇಳಿಸಲಿಲ್ಲ.

"ಒಬ್ಬರು ಒಪ್ಪಲಿಲ್ಲ ಅಂತ ಬರಿ. ಅವನ ಹೆಂಡ್ತಿ ಅಂತ ಬರಿ."